ಪ್ರಶ್ನೋತ್ತರ: ಹದಿನಾಲ್ಕು ಕೌಂಟರ್‌ಗಳಿದ್ದರೂ ಸೋಲುವ ಕಂಟ್ರೋಲ್ ಡೆಕ್

ಪ್ರಶ್ನೆ: 'ಮ್ಯಾಜಿಕ್: ದ ಗ್ಯಾದರಿಂಗ್' ಕಾರ್ಡ್ ಆಟದ ಮಾಡರ್ನ್ ಮಾದರಿಗಾಗಿ ನೀಲಿ-ಬಿಳಿ ಕಂಟ್ರೋಲ್ ಡೆಕ್ (ಎದುರಾಳಿಯನ್ನು ತಡೆಯುತ್ತಾ ನಿಧಾನವಾಗಿ ಗೆಲ್ಲುವ ಕಾರ್ಡುಗಳ ಕಟ್ಟು) ಕಟ್ಟಿದ್ದೇನೆ. 60 ಕಾರ್ಡುಗಳಲ್ಲಿ, ಉಳಿದ ಕಾರ್ಡುಗಳನ್ನು (ಸ್ಪೆಲ್‌ಗಳನ್ನು) ಆಡಲು ತೆರಬೇಕಾದ ಮಾನಾ ಕೊಡುವ 22 ಲ್ಯಾಂಡ್, ಎದುರಾಳಿಯ ಸ್ಪೆಲ್ ತಡೆಯುವ 14 ಕೌಂಟರ್, ಮೇಜಿನ ಮೇಲಿನ ಎಲ್ಲ ಕ್ರೀಚರ್‌ಗಳನ್ನೂ (ದಾಳಿ ಮಾಡುವ ಜೀವಿಗಳನ್ನೂ) ಅಳಿಸುವ 4 ಸುಪ್ರೀಮ್ ವರ್ಡಿಕ್ಟ್, ಕಾರ್ಡ್ ಎಳೆಯುವ 14 ಸ್ಪೆಲ್, ಆಟ ಮುಗಿಸಲು 6 ದೊಡ್ಡ ಕ್ರೀಚರ್‌ಗಳಿವೆ. ನಿಧಾನಗತಿಯ ಡೆಕ್‌ಗಳ ಎದುರು ಗೆಲ್ಲುತ್ತೇನೆ. ವೇಗವಾಗಿ ದಾಳಿ ಮಾಡುವ ಕೆಂಪು ಡೆಕ್ ಎದುರಾದರೆ ಐದನೆಯ ಸರದಿಯವರೆಗೆ ಉಳಿಯುವುದೇ ಅಪರೂಪ. ಕೌಂಟರ್‌ಗಳನ್ನು ಇನ್ನೂ ಹೆಚ್ಚಿಸಬೇಕೆ? (ಓದುಗರೊಬ್ಬರು, ಮೈಸೂರು)

ಉತ್ತರ: ಹೆಚ್ಚಿಸುವುದು ಬೇಡ, ಕಡಿಮೆ ಮಾಡಿ. ಕೌಂಟರ್ ಎಂಬುದು ಎದುರಾಳಿ ಸ್ಪೆಲ್ ಆಡುವ ಕ್ಷಣದಲ್ಲಿ ಮಾತ್ರ ಕೆಲಸಕ್ಕೆ ಬರುವ ಕಾರ್ಡ್. ಒಮ್ಮೆ ಮೇಜಿಗೆ ಇಳಿದ ಕ್ರೀಚರ್ ಮುಂದೆ ಅದು ಕೈಯಲ್ಲಿ ಉಳಿದ ಕಾಗದವಷ್ಟೆ. ಎದುರಾಳಿ ಮೊದಲು ಆಡುತ್ತಾರೆ, ಒಂದು ಮಾನಾ ಕೊಟ್ಟು, ಇಳಿದ ಸರದಿಯಿಂದಲೇ 2ರಂತೆ ಹೊಡೆಯುವ ಗಾಬ್ಲಿನ್ ಗೈಡ್ ಎಂಬ ಕ್ರೀಚರ್ ಇಳಿಸುತ್ತಾರೆ ಎಂದುಕೊಳ್ಳಿ. ನಿಮ್ಮ ಕೌಂಟರ್‌ಸ್ಪೆಲ್‌ಗೆ ಎರಡು ನೀಲಿ ಮಾನಾ ಬೇಕಾದುದರಿಂದ ಅದನ್ನು ಮೊದಲ ಬಾರಿಗೆ ಬಳಸಲು ಸಾಧ್ಯವಾಗುವುದು ಅವರ ಮೂರನೆಯ ಸರದಿಯಲ್ಲಿ. ಅಷ್ಟರೊಳಗೆ ಆ ಗಾಬ್ಲಿನ್ ಒಂದೇ ನಿಮ್ಮ 20 ಲೈಫ್‌ನಲ್ಲಿ (ಮುಗಿದರೆ ಸೋಲುವ ಅಂಕಗಳಲ್ಲಿ) 4ನ್ನು ಕಿತ್ತುಕೊಂಡಿರುತ್ತದೆ, ಅವರು ಎರಡನೆಯ ಸರದಿಯಲ್ಲಿ ಇಳಿಸಿದ್ದೂ ಮೇಜಿನ ಮೇಲಿರುತ್ತದೆ. ಒಂದು ಮಾನಾದ ಬೆದರಿಕೆಗೆ ಒಂದೇ ಮಾನಾದ ಉತ್ತರ ನಿಮ್ಮ ಡೆಕ್‌ನಲ್ಲಿ ಒಂದೂ ಇಲ್ಲ. ಸೋಲಿನ ಮೂಲ ಅಲ್ಲಿದೆ.

ಕೌಂಟರ್‌ಗಳನ್ನು 8ಕ್ಕೆ ಇಳಿಸಿ, ತೆರವಾದ ಆರು ಜಾಗಗಳಲ್ಲಿ 4 ಪ್ರಿಸ್ಮ್ಯಾಟಿಕ್ ಎಂಡಿಂಗ್ ಮತ್ತು 2 ಪಾತ್ ಟು ಎಕ್ಸೈಲ್ ಸೇರಿಸಿ. ಮೊದಲನೆಯದನ್ನು ಒಂದು ಬಿಳಿ ಮಾನಾಕ್ಕೆ ಆಡಿದರೆ ಒಂದು ಮಾನಾದ ಕಾರ್ಡನ್ನು, ಬಿಳಿ-ನೀಲಿ ಎರಡೂ ಕೊಟ್ಟು ಆಡಿದರೆ ಎರಡು ಮಾನಾದ ಕಾರ್ಡನ್ನು ಆಟದಿಂದಲೇ ಹೊರಹಾಕುತ್ತದೆ. ಆದರೆ ಅದು ಸಾರ್ಸರಿ ಆದುದರಿಂದ ನಿಮ್ಮ ಸರದಿಯಲ್ಲಿ ಮಾತ್ರ ಆಡಬಹುದು. ಪಾತ್ ಟು ಎಕ್ಸೈಲ್ ಅನ್ನು ಯಾವಾಗ ಬೇಕಾದರೂ ಆಡಬಹುದು, ಆದರೆ ಎದುರಾಳಿ ತನ್ನ ಡೆಕ್‌ನಿಂದ ಒಂದು ಬೇಸಿಕ್ ಲ್ಯಾಂಡ್ ಹುಡುಕಿ ಮೇಜಿಗೆ ಇಳಿಸಬಹುದು. ಎರಡನೆಯ ಸರದಿಯಲ್ಲಿ ಹಾಗೆ ಸಿಕ್ಕ ಲ್ಯಾಂಡ್ ಅವರಿಗೆ ದೊಡ್ಡ ಲಾಭ, ಕೈ ಬರಿದಾದ ಕೆಂಪು ಆಟಗಾರನಿಗೆ ಆರನೆಯ ಸರದಿಯಲ್ಲಿ ಅದರಿಂದ ಬಹುತೇಕ ಪ್ರಯೋಜನವಿಲ್ಲ. ಆದ್ದರಿಂದ ಪಾತ್ ಅನ್ನು ಆದಷ್ಟು ತಡವಾಗಿ ಆಡಿ.

ಇನ್ನು ಲ್ಯಾಂಡ್. ನಾಲ್ಕು ಮಾನಾದ ಸುಪ್ರೀಮ್ ವರ್ಡಿಕ್ಟ್ ನಾಲ್ಕನೆಯ ಸರದಿಯಲ್ಲೇ ಬೇಕಾಗುತ್ತದೆ. ನೀವು ಮೊದಲು ಆಡುವಾಗ ಆ ಹೊತ್ತಿಗೆ ನೋಡಿರುವುದು ಹತ್ತು ಕಾರ್ಡ್. ಲೆಕ್ಕ ಹಾಕಿದರೆ, 22 ಲ್ಯಾಂಡ್‌ಗಳಿರುವ ಡೆಕ್‌ನಲ್ಲಿ ಆ ಹತ್ತರೊಳಗೆ ನಾಲ್ಕು ಲ್ಯಾಂಡ್ ಸಿಗುವ ಸಂಭವ ಸುಮಾರು ಶೇ. 54, 26 ಇದ್ದರೆ ಶೇ. 72. ಹೆಚ್ಚು ಕಡಿಮೆ ಎರಡು ಆಟಗಳಲ್ಲಿ ಒಂದನ್ನು ಕೇವಲ ಲ್ಯಾಂಡ್ ಕೊರತೆಯಿಂದ ಅಪಾಯಕ್ಕೊಡ್ಡುವ ಡೆಕ್ ಅನ್ನು ಕಂಟ್ರೋಲ್ ಎಂದು ಕರೆಯಲು ನನಗಂತೂ ಮನಸ್ಸಾಗದು. ನಾಲ್ಕು ಲ್ಯಾಂಡ್‌ಗಳಿಗೆ ಜಾಗ ಬೇಕಲ್ಲವೇ, ಆರು ದೊಡ್ಡ ಕ್ರೀಚರ್‌ಗಳಲ್ಲಿ ನಾಲ್ಕನ್ನು ತೆಗೆದುಹಾಕಿ.

ಉಳಿದ ಎರಡರಿಂದ ಗೆಲ್ಲಬಹುದೇ ಎಂಬ ಸಂಶಯ ಬರುವುದು ಸಹಜ. 1990ರ ದಶಕದ ನಡುವಿನಲ್ಲಿ ಬ್ರಯಾನ್ ವೈಸ್‌ಮನ್ ಆಡಿದ, 'ದ ಡೆಕ್' ಎಂದೇ ಹೆಸರಾದ ಕಂಟ್ರೋಲ್ ಡೆಕ್‌ನಲ್ಲಿ ಸೆರಾ ಏಂಜೆಲ್ ಇದ್ದದ್ದು ಎರಡೇ. ನಾಲ್ಕು ಶಕ್ತಿಯ ಆ ದೇವತೆ ಐದು ಬಾರಿ ಹೊಡೆದರೆ 20 ಲೈಫ್ ಮುಗಿಯುತ್ತದೆ, ಮತ್ತು ಅದು ಮೇಜಿಗೆ ಬರುವ ಹೊತ್ತಿಗೆ ಎದುರಾಳಿಯ ಬಳಿ ಉತ್ತರ ಉಳಿದಿರುತ್ತಿರಲಿಲ್ಲ. ಕಡಿಮೆ ಕ್ರೀಚರ್‌ಗಳಿರುವುದರಿಂದ ಇನ್ನೊಂದು ಲಾಭವಿದೆ: ಕ್ರೀಚರ್ ಕೊಲ್ಲಲೆಂದೇ ಎದುರಾಳಿ ಇಟ್ಟುಕೊಂಡ ಕಾರ್ಡುಗಳು ಗುರಿಯಿಲ್ಲದೆ ಅವರ ಕೈಯಲ್ಲೇ ಕೊಳೆಯುತ್ತವೆ. 2018ರ 'ಟೆಫೆರಿ, ಹೀರೋ ಆಫ್ ಡೊಮಿನಾರಿಯಾ' ಎಂಬ ಕಾರ್ಡ್ ಈ ತರ್ಕವನ್ನು ಕೊನೆಯವರೆಗೂ ಒಯ್ದಿತು. ಟೆಫೆರಿ ತನ್ನನ್ನೇ ಡೆಕ್‌ನ ಮೇಲಿನಿಂದ ಮೂರನೆಯ ಸ್ಥಾನಕ್ಕೆ ಮರಳಿಸಿಕೊಳ್ಳಬಲ್ಲದಾದುದರಿಂದ, ಅದನ್ನು ಮತ್ತೆ ಮತ್ತೆ ಆಡುವವರ ಡೆಕ್ ಖಾಲಿಯಾಗುವುದಿಲ್ಲ. ಎದುರಾಳಿಯ ಡೆಕ್ ಖಾಲಿಯಾಗಿ ಅವರು ಸೋಲುತ್ತಾರೆ. ನೋಡುವವರಿಗೆ ಇದು ಬೇಸರದ ಗೆಲುವು, ಆದರೆ ಗೆಲುವೇ. ಕಾರ್ಡ್ ಎಳೆಯುವ ಸ್ಪೆಲ್‌ಗಳಲ್ಲಿ ಮೂರನ್ನು ತೆಗೆದು ಮೂರು ಟೆಫೆರಿ ಹಾಕಿ.

ಉಳಿದ ಹನ್ನೊಂದರಲ್ಲಿ ಮೆಮೊರಿ ಡೆಲ್ಯೂಜ್‌ನಂತಹ ಇನ್‌ಸ್ಟಂಟ್‌ಗಳಿಗೆ (ಯಾವಾಗ ಬೇಕಾದರೂ ಆಡಬಹುದಾದ ಸ್ಪೆಲ್‌ಗಳಿಗೆ) ಆದ್ಯತೆ ಕೊಡಿ. ನಾಲ್ಕು ಮಾನಾ ತೆರೆದಿಟ್ಟು ಸರದಿ ಬಿಟ್ಟುಕೊಟ್ಟರೆ, ಎದುರಾಳಿ ಮುಖ್ಯವಾದುದೇನನ್ನಾದರೂ ಆಡಿದಾಗ ಕೌಂಟರ್ ಮಾಡಬಹುದು, ಆಡದಿದ್ದರೆ ಅವರ ಸರದಿಯ ಕೊನೆಯಲ್ಲಿ ಕಾರ್ಡ್ ಎಳೆದುಕೊಳ್ಳಬಹುದು. ಎರಡರಲ್ಲಿ ಯಾವುದಾದರೂ ಮಾನಾ ವ್ಯರ್ಥವಾಗದು.

ಪ್ರಶ್ನೆ: ಕಂಟ್ರೋಲ್ ಡೆಕ್ ಆಡುವಾಗ ಪಂದ್ಯಗಳು ಸಮಯ ಮೀರಿ ಡ್ರಾ ಆಗುತ್ತಿವೆ. ಏನು ಮಾಡಲಿ?

ಉತ್ತರ: ಮೂರು ಆಟಗಳ ಪಂದ್ಯಕ್ಕೆ ಸಾಮಾನ್ಯವಾಗಿ 50 ನಿಮಿಷ, ಅನಂತರ ಐದು ಹೆಚ್ಚುವರಿ ಸರದಿಗಳು. ಗೆದ್ದರೆ 3 ಅಂಕ, ಡ್ರಾ ಆದರೆ 1 ಅಂಕ ಮಾತ್ರ. ಮೊದಲ ಆಟ ಕೈಬಿಟ್ಟಿದೆ ಎಂದು ತಿಳಿದ ಕೂಡಲೇ ಬಿಟ್ಟುಕೊಡಿ. ಹದಿನೈದು ನಿಮಿಷ ಎಳೆದಾಡಿ ಸೋಲುವುದರಿಂದ ಉಳಿದ ಎರಡು ಆಟಗಳೂ ಕೈತಪ್ಪುತ್ತವೆ. ಯಾವ ಸ್ಪೆಲ್ ತಡೆಯಬೇಕು ಎಂಬುದನ್ನು ಎದುರಾಳಿ ಆಡಿದ ಮೇಲೆ ಯೋಚಿಸಲು ತೊಡಗಬೇಡಿ, ಅವರು ಕಾರ್ಡ್ ಎಳೆಯುವಾಗಲೇ ನಿರ್ಧರಿಸಿರಿ.

ಪ್ರಶ್ನೆ: ಸೈಡ್‌ಬೋರ್ಡ್‌ನ (ಪಂದ್ಯದ ಆಟಗಳ ನಡುವೆ ಡೆಕ್‌ಗೆ ಬದಲಿಸಿಕೊಳ್ಳುವ) 15 ಕಾರ್ಡುಗಳನ್ನು ಆರಿಸುವುದು ಹೇಗೆ?

ಉತ್ತರ: ಒಳಗೆ ಬರುವ ಕಾರ್ಡಿಗಿಂತ ಹೊರಹೋಗುವ ಕಾರ್ಡನ್ನು ಮೊದಲು ಗುರುತಿಸಿ. ಕ್ರೀಚರ್‌ಗಳೇ ವಿರಳವಾದ ಡೆಕ್ ಎದುರು ಸುಪ್ರೀಮ್ ವರ್ಡಿಕ್ಟ್ ನಾಲ್ಕೂ ನಿರುಪಯುಕ್ತ. ಅಷ್ಟೇ ಸಂಖ್ಯೆಯ ಅಗ್ಗದ ಕೌಂಟರ್‌ಗಳು ಸೈಡ್‌ಬೋರ್ಡ್‌ನಲ್ಲಿರಲಿ. ಗ್ರೇವ್‌ಯಾರ್ಡ್ (ಬಳಸಿ ಮುಗಿದ ಕಾರ್ಡುಗಳ ರಾಶಿ) ನೆಚ್ಚಿಕೊಂಡ ಡೆಕ್‌ಗಳಿಗಾಗಿ ರೆಸ್ಟ್ ಇನ್ ಪೀಸ್ ಕಾರ್ಡ್ ಇಟ್ಟುಕೊಳ್ಳುವವರು ಬಹಳ ಮಂದಿ. ಆದರೆ ಅದು ನಿಮ್ಮ ಗ್ರೇವ್‌ಯಾರ್ಡನ್ನೂ ಬರಿದು ಮಾಡುವುದರಿಂದ ಮೆಮೊರಿ ಡೆಲ್ಯೂಜ್ ಅನ್ನು ಫ್ಲ್ಯಾಶ್‌ಬ್ಯಾಕ್ ಮೂಲಕ (ಗ್ರೇವ್‌ಯಾರ್ಡ್‌ನಿಂದಲೇ) ಎರಡನೆಯ ಬಾರಿ ಆಡಲು ಬರುವುದಿಲ್ಲ. ಅಂತಹ ಪಂದ್ಯದಲ್ಲಿ ಒಂದೆರಡು ಡೆಲ್ಯೂಜ್‌ಗಳನ್ನು ಹೊರಗಿಡಿ.