500 ಜನ ಇದ್ದರೆ ಊರಿಗೆ ಬಸ್ ಬಿಡಲೇಬೇಕಾ?

ಊರಲ್ಲಿ 500 ಜನ ಇದ್ದರೆ ಬಸ್ ಬಿಡಲೇಬೇಕಂತೆ, ಜನಗಣತಿ ಲೆಕ್ಕ ತೋರಿಸಿದರೆ ಸಾಕಾ ಅಂತ ಕೇಳಿದ್ದೀರಿ. ಓದಿದ ಕೂಡಲೇ 2014ರಲ್ಲಿ ನಾನು ಬರೆದ ಅರ್ಜಿ ಕಣ್ಣ ಮುಂದೆ ಬಂತು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹಟ್ಟಿ. ಮುಖ್ಯ ರಸ್ತೆಯ ಗೇಟಿಗೆ ನಾಲ್ಕು ಕಿಲೋಮೀಟರ್. ಆಗ ನನ್ನ ತಂಗಿ ಹೈಸ್ಕೂಲು. ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳದ ಮರಳು ದಾಟಿ, ಗೇಟಿನ ಹತ್ತಿರ ಕಾಲು ಒರೆಸಿಕೊಂಡು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಬಸ್ ತಪ್ಪಿದರೆ ಅವತ್ತು ಸ್ಕೂಲಿಲ್ಲ.

ನಾನೂ ನಿಮ್ಮ ಹಾಗೇ ಜನಸಂಖ್ಯೆ ಹಿಡಿದುಕೊಂಡೆ. 2011ರ ಜನಗಣತಿ ಪಟ್ಟಿ ತೆಗೆಸಿ, ನಮ್ಮ ಗ್ರಾಮದ ಹೆಸರಿನ ಮುಂದಿದ್ದ ಸಂಖ್ಯೆಯನ್ನು ಅರ್ಜಿಗೆ ಹಾಕಿ ಡಿಪೊಗೆ ಕೊಟ್ಟೆ. ಅಲ್ಲೇ ತಪ್ಪಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇದನ್ನೇ ಮಾಡೋಕೆ ಹೊರಟಿದ್ದೀರಿ. ಜನಗಣತಿ ಪಟ್ಟಿಯಲ್ಲಿರುವುದು ಕಂದಾಯ ಗ್ರಾಮ. ನಮ್ಮ ಹಟ್ಟಿ ಅದರ ಒಂದು ಮಜರೆ, ಅಂದರೆ ಆ ಗ್ರಾಮಕ್ಕೆ ಸೇರಿದ ಸಣ್ಣ ಊರು, ಅದಕ್ಕೆ ಪಟ್ಟಿಯಲ್ಲಿ ಬೇರೆ ಸಾಲೇ ಇಲ್ಲ. ನಾನು ಬರೆದದ್ದು ಗೇಟಿನ ಪಕ್ಕದ ದೊಡ್ಡೂರು, ನಮ್ಮ ಹಟ್ಟಿ, ಆಚೆಯ ಇನ್ನೊಂದು ಹಟ್ಟಿ, ಮೂರೂ ಸೇರಿದ ಲೆಕ್ಕ. ಆ ದೊಡ್ಡೂರಿಗೆ ಮೊದಲಿಂದಲೂ ಬಸ್ ಇದೆ. ಹಾಗಾಗಿ ಡಿಪೊದವರು ನೋಡಿ, "ನಿಮ್ಮ ಗ್ರಾಮಕ್ಕೆ ಬಸ್ ಇದೆಯಲ್ಲಪ್ಪಾ" ಅಂದರು. ಅವರ ಮಾತು ಸುಳ್ಳಲ್ಲ. ನಮಗೆ ಬಸ್ ಬೇಡ ಅನ್ನೋಕೆ ಬೇಕಾದ ಕಾಗದವನ್ನು ನಾನೇ ಬರೆದುಕೊಟ್ಟಿದ್ದೆ. ಅರ್ಥವಾಗದೆ ಅದೇ ಅರ್ಜಿಯನ್ನು ಮತ್ತೆ ಮತ್ತೆ ಕೊಟ್ಟೆ. ಎರಡು ವರ್ಷ ಹೋಯಿತು. ಅಷ್ಟರಲ್ಲಿ ತಂಗಿ ಎಸ್ಸೆಸ್ಸೆಲ್ಸಿ ಪಾಸಾದಳು, ಸಂಜೆ ಕತ್ತಲಲ್ಲಿ ಒಬ್ಬಳೇ ನಡೆದು ಬರಬೇಕಲ್ಲ ಅಂತ ಅಪ್ಪ ಕಾಲೇಜಿಗೆ ಸೇರಿಸಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತೆ.

ಇನ್ನು ಆ 500ರ ವಿಷಯ. ಅದು ಬಸ್ಸಿನ ನಿಯಮ ಅಲ್ಲ, ರಸ್ತೆಯದ್ದು. 2000ದಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲುಸೀಮೆಗೆ 500, ಗುಡ್ಡಗಾಡಿಗೆ 250 ಜನ ಅಂತ ಇಟ್ಟಿದ್ದರು. ಅಲ್ಲೂ ಎಣಿಸುವುದು ಜನವಸತಿಯನ್ನು, ಕಂದಾಯ ಗ್ರಾಮವನ್ನಲ್ಲ. ನಿಮಗೆ ರಸ್ತೆಯೇ ಇಲ್ಲದಿದ್ದರೆ ಅದರ ಬೆನ್ನು ಹತ್ತಿ. ಡಾಂಬರು ಇದ್ದರೆ ಜನಸಂಖ್ಯೆ ಬಿಟ್ಟುಬಿಡಿ.

ಡಿಪೊಗೆ ಬೇಕಿರುವುದು ಯಾವ ಟೈಮಿಗೆ ಎಷ್ಟು ಜನ ಹತ್ತುತ್ತಾರೆ ಅನ್ನೋದು. ಕೊನೆಗೆ ನಾನು ಒಂದು ವಾರ ಬೆಳಿಗ್ಗೆ ಗೇಟಿನಲ್ಲಿ ನಿಂತು ಎಣಿಸಿದೆ. ಪಾಸ್ ಇರುವ ಮಕ್ಕಳು ಇಷ್ಟು, ಗಾರೆ ಕೆಲಸಕ್ಕೆ ಹೋಗುವವರು ಇಷ್ಟು, ಸಂತೆ ದಿನ ಎಷ್ಟು ಜಾಸ್ತಿ ಅಂತ. ಆಚೆ ಹಟ್ಟಿಯವರನ್ನೂ ಸೇರಿಸಿಕೊಂಡೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಜೊತೆಗಿಟ್ಟೆ. ಹೊಸ ಬಸ್ ಕೇಳಲಿಲ್ಲ, ದೊಡ್ಡೂರಿಗೆ ಬಂದು ತಿರುಗುವ ಬಸ್ಸನ್ನೇ ನಮ್ಮ ಹಟ್ಟಿವರೆಗೆ ಬಿಡಿ ಅಂತ ಕೇಳಿದೆ. ನೀವು ಎಣಿಸುವಾಗ ಹೆಂಗಸರನ್ನು ಬಿಡಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಫ್ರೀ ಇದ್ದರೂ ಪ್ರತಿಯೊಬ್ಬರಿಗೂ ಶೂನ್ಯ ಟಿಕೆಟ್ ಹರಿಯುತ್ತಾರೆ, ಆ ದುಡ್ಡನ್ನು ಸಾರಿಗೆ ನಿಗಮಕ್ಕೆ ಸರ್ಕಾರ ಕೊಡಬೇಕು.

ರಸ್ತೆ ನೋಡೋಕೆ ಡಿಪೊದಿಂದ ಬಂದವರು ಎರಡೇ ಮಾತು ಹೇಳಿದರು. ಜಾಲಿ ಕೊಂಬೆ ಕಡಿಯಿರಿ, ಕಿಟಕಿ ಪಕ್ಕ ಕೂತವರ ಮುಖಕ್ಕೆ ಬಡಿಯುತ್ತೆ. ಬಸ್ ತಿರುಗಿಸೋಕೆ ಜಾಗ ಮಾಡಿ. ಭಾನುವಾರ ಊರವರೆಲ್ಲ ಮಚ್ಚು ಹಿಡಿದು ಹೋದೆವು, ಶಾಲೆ ಮುಂದಿನ ಕಲ್ಲುಗುಡ್ಡೆ ತೆಗೆದು ಮಟ್ಟ ಮಾಡಿದೆವು. ಮುಂದಿನ ತಿಂಗಳು ಬಸ್ ಬಂತು, ಬೆಳಿಗ್ಗೆ ಒಂದು, ಸಂಜೆ ಒಂದು.

ನಿಮ್ಮೂರಲ್ಲಿ ಬಸ್ ತಿರುಗೋಕೆ ಜಾಗ ಇದೆಯಾ? ನಾಳೆ ಹೋಗಿ ಮೊದಲು ಅದನ್ನು ನೋಡಿ, ಆಮೇಲೆ ಅರ್ಜಿ ಬರೆಯಿರಿ.