ಬ್ಯಾಡ್ ಸೆಕ್ಟರ್ ಬಂದ ಡಿಸ್ಕ್: ರಿಪೇರಿ ಆಮೇಲೆ, ಕಾಪಿ ಮೊದಲು

ಪ್ರಶ್ನೆ: ನನ್ನ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಕೆಲವು ಫೋಲ್ಡರ್ ತೆರೆದರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ. ಬ್ಯಾಡ್ ಸೆಕ್ಟರ್, ಅಂದರೆ ಓದಲಾಗದ ಕೆಟ್ಟ ಜಾಗ ಇದೆಯಂತೆ. ವಿಂಡೋಸ್‌ನ ಚೆಕ್‌ಡಿಸ್ಕ್ ಹಾಕಿದೆ, ರಾತ್ರಿಯಿಡೀ ಓಡಿ ಈಗ ಒಂದೇ ಕಡೆ ನಿಂತಿದೆ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತಾ? ಹಳೇ ಫೋಟೋಗಳು ಬೇರೆಲ್ಲೂ ಇಲ್ಲ.

ಉತ್ತರ: ಮೊದಲು ಆ ಚೆಕ್‌ಡಿಸ್ಕ್ ನಿಲ್ಲಿಸಿ. ಅದು ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ ಸರಿಮಾಡಲು ಇರುವುದು, ನಿಮ್ಮ ಫೋಟೋಗಳ ಚಿಂತೆ ಅದಕ್ಕಿಲ್ಲ. ಸಾಯುತ್ತಿರುವ ಡಿಸ್ಕ್ ಮೇಲೆ ಓಡಿಸಿದರೆ ಇರುವುದನ್ನೂ ಕೆಡಿಸಬಹುದು.

ಫಾರ್ಮ್ಯಾಟ್ ಬೇಡವೇ ಬೇಡ. ಓದಲಾಗದ ಸೆಕ್ಟರನ್ನು ಡ್ರೈವ್ 'ಪೆಂಡಿಂಗ್' ಅಂತ ಗುರುತು ಹಾಕಿಕೊಳ್ಳುತ್ತದೆ, ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 197 ಅನ್ನುವ ಸಂಖ್ಯೆಯ ಸಾಲು ನೋಡಿ. ಸಾಮಾನ್ಯವಾಗಿ ಅದೇ ಜಾಗಕ್ಕೆ ಮತ್ತೆ ಬರೆದಾಗ ಅದು ಸರಿಹೋಗುತ್ತದೆ, ಇಲ್ಲವೇ ಅದರ ಬದಲು ಒಂದು ಸ್ಪೇರ್ ಸೆಕ್ಟರ್ ಸಿಗುತ್ತದೆ, ಆಗ ಅದೇ ವರದಿಯಲ್ಲಿ 5 ಅನ್ನುವ ಸಂಖ್ಯೆಯ ಸಾಲಿನ ಲೆಕ್ಕ ಏರುತ್ತದೆ. ಅಂದರೆ ಪೂರ್ತಿ ಫಾರ್ಮ್ಯಾಟ್ ಮಾಡಿದ ಮೇಲೆ ಡಿಸ್ಕ್ ಚೆನ್ನಾಗಿದೆ ಅನಿಸಬಹುದು, ಆದರೆ ಫೋಟೋಗಳ ಮೇಲೆ ಸೊನ್ನೆ ಬರೆದಾಗಿರುತ್ತದೆ. 'ರಿಪೇರಿ ಆಯ್ತು' ಅಂತ ಖುಷಿಪಡುವವರಲ್ಲಿ ಎಷ್ಟೋ ಜನ ಮಾಡಿದ್ದು ಇಷ್ಟೇ.

ಹಾಗಾದರೆ ಏನು ಮಾಡುವುದು? ಅಷ್ಟೇ ದೊಡ್ಡ ಅಥವಾ ಇನ್ನೂ ದೊಡ್ಡ, ಖಾಲಿ ಡಿಸ್ಕ್ ತನ್ನಿ. ಲಿನಕ್ಸ್ ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿ, ಕೆಟ್ಟ ಡಿಸ್ಕನ್ನು ಪೂರ್ತಿ ಹೊಸದಕ್ಕೆ ಕಾಪಿ ಮಾಡುವ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮ್ ಬಳಸಿ. ಪುಕ್ಕಟೆ ಸಿಗುತ್ತದೆ. ಮಾಮೂಲಿ ಕಾಪಿ ಕೆಟ್ಟ ಜಾಗದಲ್ಲೇ ಸಿಕ್ಕಿಹಾಕಿಕೊಂಡು ಒದ್ದಾಡುತ್ತದೆ, ಇದು ಹಾಗಲ್ಲ, ಅಲ್ಲಿಂದ ಹಾರಿ ಮುಂದೆ ಹೋಗಿ ಸಲೀಸಾಗಿ ಓದಿಸಿಕೊಳ್ಳುವುದನ್ನೆಲ್ಲ ಮೊದಲು ಎತ್ತಿಕೊಂಡು ಆಮೇಲೆ ಮೊಂಡು ಜಾಗಗಳ ಹತ್ತಿರ ವಾಪಸ್ ಬರುತ್ತದೆ. ಎಲ್ಲಿಯವರೆಗೆ ಓದಿಯಾಯಿತು ಅಂತ ಅದು ಬರೆದಿಡುವ ಮ್ಯಾಪ್ ಫೈಲ್‌ಗೆ ಒಂದು ಹೆಸರು ಕೊಡುವುದನ್ನು ಮರೆಯಬೇಡಿ, ಅದಿದ್ದರೆ ನಡುವೆ ನಿಲ್ಲಿಸಿದರೂ ಬಿಟ್ಟಲ್ಲಿಂದ ಶುರುಮಾಡಬಹುದು. ಯಾವುದು ಹಳೇ ಡಿಸ್ಕ್, ಯಾವುದು ಹೊಸದು ಅಂತ ಎರಡು ಸಲ ನೋಡಿಕೊಳ್ಳಿ. ಉಲ್ಟಾ ಕೊಟ್ಟರೆ ಕಥೆ ಮುಗಿಯಿತು! ಡಿಸ್ಕ್ ಜೋಡಿಸಲು ಯುಎಸ್‌ಬಿಗಿಂತ ಕಂಪ್ಯೂಟರ್ ಒಳಗಿನ ನೇರ ಸಾಟಾ ಕೇಬಲ್ ಮೇಲು. ಫೋಟೋ ಹುಡುಕುವುದು ಕಾಪಿಯಲ್ಲಿ, ಮೂಲ ಡಿಸ್ಕ್‌ನಲ್ಲಿ ಅಲ್ಲ. ಫೋಲ್ಡರ್‌ಗಳೇ ಕಾಣದಿದ್ದರೆ ಕಳೆದ ಫೈಲ್ ಹುಡುಕುವ ಫೋಟೋರೆಕ್ ಪ್ರೋಗ್ರಾಮನ್ನು ಕಾಪಿಯ ಮೇಲೆ ಓಡಿಸಿ ನೋಡಿ, ಫೈಲ್ ಹೆಸರುಗಳು ಸಿಗುವುದಿಲ್ಲ, ಚಿತ್ರಗಳು ಸಿಗುತ್ತವೆ.

ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಇದ್ಯಾವುದೂ ಬೇಡ, ತಕ್ಷಣ ಪವರ್ ತೆಗೆದು ಡೇಟಾ ರಿಕವರಿ ಮಾಡುವವರಿಗೆ ಕೊಡಿ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ, ಒಳಗೆ ತೇವ ಕಟ್ಟಿದರೆ ಇನ್ನೂ ಕಷ್ಟ.