ಮೊದಲು ಬೇಲಿ, ಆಮೇಲೆ ನಾಯಿ

ನಮಸ್ಕಾರ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಹೊರವಲಯದಲ್ಲಿ ಜಮೀನು ಕೊಂಡಿರುವ ನೀವು, ಆಡು ಸಾಕಲು ಅಲ್ಲಿರುವ ಹಳೆಯ ಮುಳ್ಳುತಂತಿ ಬೇಲಿ ಸಾಕೇ, ಮನೆಯ ಲ್ಯಾಬ್ರಡಾರ್ ಕಾವಲಿಗೆ ಆದೀತೇ ಎಂದು ಕೇಳಿದ್ದೀರಿ. ಎರಡಕ್ಕೂ ಇಲ್ಲವೆಂದೇ ಹೇಳಬೇಕಾಗಿದೆ.

ದನಗಳಿಗೆಂದು ಎಳೆದ ಮುಳ್ಳುತಂತಿಯ ಸಾಲುಗಳ ನಡುವೆ ಆಡು ಸಲೀಸಾಗಿ ನುಸುಳುತ್ತದೆ. ಕನಿಷ್ಠ 4 ಅಡಿ ಎತ್ತರದ ಹೆಣೆದ ತಂತಿಬಲೆ ಬೇಕು; ಅದರಲ್ಲಿಯೂ ಬಲೆಯ ಕಣ್ಣಿನ ಅಳತೆ ನೋಡಿಯೇ ಕೊಳ್ಳಿ. 6 ಅಂಗುಲ ಚೌಕದ ಕಣ್ಣಾದರೆ ಕೊಂಬಿನ ಆಡು ಆಚೆಯ ಹುಲ್ಲಿನಾಸೆಗೆ ತಲೆ ತೂರಿಸಿ, ಹಿಂದಕ್ಕೆ ಎಳೆದುಕೊಳ್ಳಲಾಗದೆ ಸಿಕ್ಕಿಬೀಳುತ್ತದೆ. ಟೆಕ್ಸಾಸಿನ ಬೇಸಿಗೆಯಲ್ಲಿ ಅದು ಪ್ರಾಣಕ್ಕೇ ಸಂಚಕಾರ. 4 ಅಂಗುಲದ ಕಣ್ಣಿಗೆ ತಲೆಯೇ ಹೋಗದು. ಅದು ದುಬಾರಿಯೆನಿಸಿದರೆ, ಲಂಬ ತಂತಿಗಳ ನಡುವೆ 12 ಅಂಗುಲ ಅಂತರವಿರುವ ಬಲೆ ಹಾಕಿಸಬಹುದು: ತೂರಿದ ತಲೆ ತಾನಾಗಿ ಹೊರಬರುತ್ತದೆ, ಆದರೆ ಎಳೆಮರಿಗಳು ನುಸುಳುವ ಅಪಾಯವಿದೆ. ಕೊಯೊಟಿಗಳು (ತೋಳವನ್ನು ಹೋಲುವ ಇಲ್ಲಿನ ಕಾಡುಪ್ರಾಣಿ) ಹೆಚ್ಚಾಗಿ ಬೇಲಿಯಡಿ ಮಣ್ಣು ಕೆರೆದು ನುಗ್ಗುವುದರಿಂದ, ಹೊರಬದಿಯಲ್ಲಿ ನೆಲದಿಂದ ಗೇಣುದ್ದ ಮೇಲೆ ವಿದ್ಯುತ್ ಹರಿಸಿದ ಒಂದು ಎಳೆ ತಂತಿ ಇರಲಿ.

ಇನ್ನು ನಾಯಿಯ ವಿಚಾರ. ನಮ್ಮ ಕುರುಬರ ನಾಯಿಗಳಂತೆ ಮಂದೆಯೊಡನೆಯೇ ಬೆಳೆದು ಅದನ್ನು ಕಾಯುವ ತಳಿಗಳೆಂದರೆ ಇಲ್ಲಿ ಗ್ರೇಟ್ ಪಿರನೀಸ್, ಅನಟೋಲಿಯನ್ ಶೆಫರ್ಡ್ ಮುಂತಾದವು. ಸುಮಾರು 8ನೇ ವಾರದಿಂದ 16ನೇ ವಾರದವರೆಗೆ ನಾಯಿಮರಿಯನ್ನು ಮನೆಯೊಳಗೆ ಮುದ್ದಿಸದೆ, ಸಾಧು ಸ್ವಭಾವದ ದೊಡ್ಡ ಆಡುಗಳ ಪಕ್ಕದಲ್ಲಿ ಇರಿಸಿದರೆ ಬಾಂಧವ್ಯ ಬೆಳೆಯುತ್ತದೆ. ಆಮೇಲಿನ ಒಂದು ವರ್ಷವೇ ನಿಜವಾಗಿ ಕಷ್ಟದ ಕಾಲ. ಹರೆಯದ ನಾಯಿ ಆಟವೆಂದುಕೊಂಡು ಆಡಿನ ಮರಿಗಳನ್ನು ಅಟ್ಟುತ್ತದೆ, ಕಿವಿ ಜಗಿಯುತ್ತದೆ; ಆಗ ತಕ್ಷಣ ಗದರಿಸಿ ತಡೆಯಬೇಕು, ನೀವಿಲ್ಲದಾಗ ಅದನ್ನು ಪಕ್ಕದ ಅಂಕಣದಲ್ಲಿ ಕೂಡಿಹಾಕಬೇಕು. ಎರಡು ವರ್ಷ ತುಂಬುವ ಮೊದಲು, ಈಯುವ ಆಡುಗಳ ನಡುವೆ ಅದನ್ನು ಒಂಟಿಯಾಗಿ ಬಿಡಬೇಡಿ. ಪಿರನೀಸ್ ನಾಯಿಗೆ ಅಲೆದಾಟದ ಚಪಲವೂ ಇದೆ, ಹಾಗಾಗಿ ಬೇಲಿ ಆಡಿಗೆಷ್ಟೋ ಅದಕ್ಕೂ ಅಷ್ಟೇ ಬೇಕು. ರಾತ್ರಿಯಿಡೀ ಬೊಗಳುವುದು ಅದರ ಕೆಲಸದ ರೀತಿ; ನೆರೆಯವರಿಗೆ ಮೊದಲೇ ತಿಳಿಸಿಬಿಡಿ.

ನಿಮ್ಮ ಲ್ಯಾಬ್ರಡಾರ್‌ಗೆ ಕಾವಲು ಕಲಿಸುವ ಗೋಜಿಗೆ ಹೋಗದೆ, ಆಡುಗಳತ್ತ ನುಗ್ಗದಿರುವುದನ್ನಷ್ಟೇ ಕಲಿಸಿ. ಹಗ್ಗ ಹಿಡಿದು ಬೇಲಿಯ ಹೊರಗೆ ನಡೆಸುತ್ತ, ಅದು ಆಡುಗಳಿಂದ ಮುಖ ತಿರುಗಿಸಿ ನಿಮ್ಮನ್ನು ನೋಡಿದಾಗಲೆಲ್ಲ ತಿನಿಸು ಕೊಡಿ. ಇದನ್ನು ಹಗುರವಾಗಿ ಎಣಿಸಬೇಡಿ: ಜಾನುವಾರಿನ ಮೇಲೆ ಎರಗಿದ ನಾಯಿಯನ್ನು ಕಣ್ಣಾರೆ ಕಂಡವರು ಕೊಲ್ಲುವುದಕ್ಕೆ ಟೆಕ್ಸಾಸಿನ ಕಾನೂನಿನಲ್ಲಿ ಅವಕಾಶವಿದೆ, ಮತ್ತು ನಿಮ್ಮ ನೆರೆಹೊರೆಯಲ್ಲಿಯೂ ದನಕುರಿ ಸಾಕುವವರು ಇರುತ್ತಾರೆ.